ಅಮ್ಮಂಗೆ ಆಪ್ ಬರಲ್ವಂತೆ!

ನಿನ್ನೆಯಿಂದ ತಲೆ ಕೆಟ್ಟಿದೆ, ಇಲ್ಲಿ ಕಾರ್ಕೊಳ್ತೀನಿ, ಸಹಿಸ್ಕೊಳ್ಳಿ. ನನ್ ತಮ್ಮ, ಅಮ್ಮನ ಫೋನಿಗೆ ಬಿಪಿ ಬರ್ಕೊಳ್ಳೋ ಆಪ್ ಒಂದು ಹಾಕ್ಕೊಟ್ಟಿದ್ದ. ನಿನ್ನೆ ನೋಡಿದ್ರೆ ಅಮ್ಮ ಹಳೇ ನೋಟ್‌ಬುಕ್ಕಲ್ಲೇ ಪೆನ್ನಲ್ಲಿ ಬರೀತಾ ಕೂತಿದಾಳೆ. "ಅವಳಿಗೆ ಇದೆಲ್ಲ ಬರಲ್ಲ, ಬಿಡಕ್ಕ" ಅಂದ ತಮ್ಮ.

ಬರಲ್ವಾ?! ಇದೇ ಅಮ್ಮ ವಾಟ್ಸಾಪಲ್ಲಿ ಮೈಕ್ ಒತ್ತಿ, ಬೆರಳು ಮೇಲಕ್ಕೆ ಜಾರಿಸಿ ಲಾಕ್ ಮಾಡಿ, ಕೈ ಬಿಟ್ಟು ಐದು ನಿಮಿಷ ವಾಯ್ಸ್ ಮೆಸೇಜ್ ಬಿಡ್ತಾಳೆ. ಆ ಲಾಕ್ ನಂಗೇ ತೋರಿಸಿಕೊಟ್ಟಿದ್ದು ಅವಳು.

ಸರಿ, ನಾನೇ ಆ ಆಪ್ ತೆಗೆದು ನೋಡ್ದೆ. ಒಂದು ನಂಬರ್ ಬರ್ಕೊಳ್ಳೋಕೆ ಮುಂಚೆ ಅಕೌಂಟ್ ಮಾಡು ಅಂತು, ಓಟಿಪಿ ಕೇಳ್ತು, ಆಮೇಲೆ ಹುಟ್ಟಿದ ತಾರೀಖು. ಕ್ಯಾಲೆಂಡರ್ ಓಪನ್ ಆಗೋದು ಈ ತಿಂಗಳಲ್ಲಿ, ಬಾಣ ಒತ್ತಿದ್ರೆ ಒಂದೊಂದೇ ತಿಂಗಳು ಹಿಂದಕ್ಕೆ ಹೋಗುತ್ತೆ. ಅಮ್ಮ ಹುಟ್ಟಿದ್ದು 1957ರಲ್ಲಿ. ಲೆಕ್ಕ ಹಾಕಿ, ಎಂಟುನೂರು ಸಲಕ್ಕಿಂತ ಜಾಸ್ತಿ ಒತ್ಬೇಕು! ಮೇಲಿರೋ ವರ್ಷದ ಮೇಲೆ ಒತ್ತಿದ್ರೆ ವರ್ಷಗಳ ಪಟ್ಟಿ ಬರುತ್ತೆ ಅಂತ ನಂಗೆ ಗೊತ್ತು, ಇಂಥವನ್ನೇ ಟೆಸ್ಟ್ ಮಾಡಿ ಸಂಬಳ ತಗೊಳ್ಳೋಳಲ್ವಾ ನಾನು, ಆದ್ರೆ ಅದು ಒತ್ತೋ ಜಾಗ ಅನ್ನೋಕೆ ಅಲ್ಲಿ ಒಂದು ಗೆರೆನೂ ಇಲ್ಲ. ಅದೂ ಆಯ್ತು ಅಂದ್ರೆ ಕಾಂಟ್ಯಾಕ್ಟ್ಸ್ ಬೇಕಂತೆ. ಬಿಪಿಗೂ ಕಾಂಟ್ಯಾಕ್ಟ್ಸಿಗೂ ಏನ್ರೀ ಸಂಬಂಧ? (ಅದ್ರಲ್ಲಿರೋ ಕೆಲವರಿಂದ ಬಿಪಿ ಏರುತ್ತೆ, ಅದು ಬೇರೆ ಮಾತು.) 2015ರಲ್ಲಿ ಆಂಡ್ರಾಯ್ಡ್ 6 ಬಂದಾಗಿಂದ, ಯಾವಾಗ ಬೇಕೋ ಆಗ ಪರ್ಮಿಷನ್ ಕೇಳಿದ್ರೆ ಸಾಕು. ಆದ್ರೂ ಹೊಸ್ತಿಲಲ್ಲೇ ನಿಲ್ಲಿಸಿ ಜಾತಕ ಕೇಳೋ ಚಟ ಬಿಟ್ಟಿಲ್ಲ.

ಆಫೀಸ್ ಕಂಪ್ಯೂಟರ್ ಕಾಲದಲ್ಲೇ, 1989ರಲ್ಲಿ, ಫ್ರೆಡ್ ಡೇವಿಸ್ ಅನ್ನೋ ಸಂಶೋಧಕರು ಹೇಳಿದ್ರು, ಹೊಸ ಟೆಕ್ನಾಲಜಿ ಬಳಸ್ಬೇಕಾ ಬೇಡ್ವಾ ಅಂತ ಜನ ನೋಡೋದು ಎರಡೇ, ನಂಗೇನು ಉಪಯೋಗ, ಎಷ್ಟು ಸುಲಭ, ಅದ್ರಲ್ಲೂ ಉಪಯೋಗದ್ದೇ ತೂಕ ಜಾಸ್ತಿ ಅಂತ. 2003ರಲ್ಲಿ ವೆಂಕಟೇಶ್ ಮತ್ತೆ ಅವರ ಜೊತೆಯವರು ಸುತ್ತಲಿನವರು ಏನಂತಾರೆ, ಸಿಕ್ಕಾಕೊಂಡ್ರೆ ಸಹಾಯ ಇದ್ಯಾ ಅನ್ನೋದನ್ನೂ ಸೇರಿಸಿದ್ರು. 2012ರಲ್ಲಿ ಅದೇ ಪಟ್ಟಿಗೆ ಮಜಾ, ದುಡ್ಡು, ಅಭ್ಯಾಸನೂ ಬಂತು. ಇಷ್ಟರಲ್ಲಿ "ಅಮ್ಮಂಗೆ ಬರಲ್ಲ" ಅನ್ನೋ ಕಾಲಂ ಎಲ್ಲಿದೆ ತೋರಿಸಿ.

ವಯಸ್ಸಾಯ್ತಲ್ಲ ಅಂತ ಕಾಮೆಂಟ್ ಹಾಕ್ತೀರಾ, ಗೊತ್ತು. ಕಣ್ಣು ಮಂಜಾಗುತ್ತೆ, ಬೆರಳು ನಡುಗುತ್ತೆ, ಒಪ್ಕೊಂಡೆ. ಆದ್ರೆ ವಾಟ್ಸಾಪಲ್ಲಿ ನಡುಗದ ಬೆರಳು ಇಲ್ಲೇ ಬಂದು ಯಾಕೆ ನಡುಗ್ಬೇಕು?

ನನ್ ಕಥೆನೂ ಹೇಳ್ಬಿಡ್ತೀನಿ. ಧ್ಯಾನದ ಆಪು, ಖರ್ಚು ಬರೆಯೋ ಆಪು, ಎರಡನ್ನೂ ಮೂರನೇ ದಿನಕ್ಕೆ ಕೈಬಿಟ್ಟೋಳು ನಾನು. ಯಾರೂ ನಂಗೆ "ಬರಲ್ಲ" ಅನ್ನಲಿಲ್ಲ, ನಾನು 'ಬ್ಯುಸಿ'. ಮುಖ ಮುದಿ ಮಾಡಿ ತೋರಿಸೋ ಆಪಿಗೆ ಮಾತ್ರ ಒಂದಕ್ಷರ ಓದದೆ ಗ್ಯಾಲರಿ ಪೂರ್ತಿ ಧಾರೆ ಎರೆದೆ, ಗೆಳತೀರೆಲ್ಲ ಹಾಕಿದ್ರು ಅಂತ. ಪ್ರೈವೆಸಿ ಬಗ್ಗೆ ಇಲ್ಲಿ ಉದ್ದುದ್ದ ಬರೆಯೋಳೂ ನಾನೇ, ನಗಬೇಡಿ.

ರಾತ್ರಿ ಅಮ್ಮನ್ನೇ ಕೇಳ್ದೆ, ಯಾಕಮ್ಮ ಬೇಡ ಅಂತ. "ಅದ್ರಲ್ಲಿ ಬರೆದ್ರೆ ಯಾರೇ ನೋಡ್ತಾರೆ? ಪುಸ್ತಕ ಆದ್ರೆ ಡಾಕ್ಟ್ರು ಕೈಗೆ ಕೊಡ್ತೀನಿ, ಅವ್ರು ಹಾಳೆ ತಿರುವಿ ನೋಡ್ತಾರೆ" ಅಂದ್ಲು.

ಇವತ್ತು ಬೆಳಗ್ಗೆ ಆ ಹಾಳೆ ಫೋಟೋ ತೆಗೆದು, ಸೊಟ್ಟಗಿದ್ದಿದ್ದನ್ನ ನೆಟ್ಟಗೆ ಮಾಡಿ, ಅಂಚು ಕ್ರಾಪ್ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದಾಳೆ. ತಮ್ಮ ಮಹಾಶಯ ಥಂಬ್ಸ್ ಅಪ್ ಒತ್ತಿದಾನೆ.