ನೌರು ಕೂತು ತಿಂದು ಕೆಟ್ಟ ದೇಶ ಮಾತ್ರವಾ?

ಫ್ಯಾಮಿಲಿ ಗ್ರೂಪಿಗೆ ಯಾರೋ, ಗಣಿಯ ದುಡ್ಡಿನಲ್ಲಿ ಮೆರೆದು ಆಮೇಲೆ ದಿವಾಳಿಯಾದ ನೌರು ದೇಶದ ಒಂದು ವಿಡಿಯೊ ಹಾಕಿದ್ದರು. ಕೆಳಗೆ "ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು" ಅಂತ ಬರೆದು, ನಾಲ್ಕು ನಗುವ ಇಮೋಜಿ. ನೋಡಿ ಬೇಜಾರಾಯಿತು. ಆ ಕುಡಿಕೆಗೆ ಮೊದಲು ಕೈ ಹಾಕಿದ್ದು ಯಾರು ಅಂತ ಯಾರೂ ಕೇಳಲಿಲ್ಲ.

ಪೆಸಿಫಿಕ್ ಸಾಗರದ ನಡುವೆ ಬರೀ 21 ಚದರ ಕಿಲೋಮೀಟರ್ ದ್ವೀಪ. ಜನ ಸುಮಾರು 12 ಸಾವಿರ. ಅಲ್ಲಿಂದ ಹೋದ ಒಂದು ಕಲ್ಲು ಸಿಡ್ನಿಯ ಕಂಪನಿ ಆಫೀಸಿನಲ್ಲಿ ಬಾಗಿಲು ಹಾಕಿಕೊಳ್ಳದ ಹಾಗೆ ಅಡ್ಡ ಇಡಲು ಬಳಕೆಯಾಗುತ್ತಿತ್ತು. ಆಲ್ಬರ್ಟ್ ಎಲ್ಲಿಸ್ ಅನ್ನುವವನು ಅದನ್ನು ಪರೀಕ್ಷೆ ಮಾಡಿದ. ಒಳ್ಳೇ ಫಾಸ್ಫೇಟ್, ಅಂದರೆ ಗೊಬ್ಬರದ ಕಲ್ಲು! ಅಲ್ಲಿಂದ ಶುರುವಾಯಿತು ನೋಡಿ.

ಮೊದಮೊದಲು ಜಮೀನಿನವರಿಗೆ ಸಿಕ್ಕಿದ್ದು ಟನ್ನಿಗೆ ಅರ್ಧ ಪೆನ್ನಿ. ಮೊದಲ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇರಿ ಗಣಿಯನ್ನು ಕೈಗೆ ತಗೊಂಡವು. ಆ ಗೊಬ್ಬರ ಅವರ ರೈತರಿಗೆ ಅಗ್ಗದಲ್ಲಿ ಹೋಯಿತು. 1968ರಲ್ಲಿ ಸ್ವಾತಂತ್ರ್ಯ ಬರುವಷ್ಟರಲ್ಲಿ ದ್ವೀಪದ ಮೂರನೇ ಒಂದು ಪಾಲು ಅಗೆದಾಗಿತ್ತು.

ಅಗೆದ ಜಾಗದಲ್ಲಿ ಉಳಿಯುವುದು ಆಳೆತ್ತರದ ಸುಣ್ಣಕಲ್ಲಿನ ಮೊನೆಗಳು. ನಡುವೆ ಮಣ್ಣೇ ಇಲ್ಲ. ಕಾಲಿಡಲು ಜಾಗವಿಲ್ಲ, ಬೆಳೆಯಂತೂ ಕೇಳಲೇಬೇಡಿ. ಈಗ ದ್ವೀಪದ ಹೆಚ್ಚುಕಡಿಮೆ ನೂರಕ್ಕೆ 80 ಭಾಗ ಹೀಗೇ ಇದೆ. ಜನ ಕಡಲಂಚಿನ ಒಂದು ಪಟ್ಟಿಯಲ್ಲಿ ಬದುಕುತ್ತಿದ್ದಾರೆ.

ನೌರುವಿನ ನಾಯಕರದ್ದು ತಪ್ಪಿಲ್ಲ ಅಂತ ನಾನು ಹೇಳುತ್ತಿಲ್ಲ. ಸ್ವಾತಂತ್ರ್ಯದ ಮೇಲೆ ಗಣಿ ಅವರ ಕೈಗೇ ಬಂದು ದುಡ್ಡು ಹರಿದು ಬಂದಾಗ ಮೆಲ್ಬರ್ನಿನಲ್ಲಿ 52 ಮಹಡಿಯ ಕಟ್ಟಡ ಕಟ್ಟಿದರು, ವಿಮಾನ ಕಂಪನಿ ನಡೆಸಿದರು. ಸಾಲ ಏರಿತು. 2004ರಲ್ಲಿ ಆ ಕಟ್ಟಡ ಮಾರಿಹೋಯಿತು. ಮರುವರ್ಷ ಉಳಿದಿದ್ದ ಒಂದೇ ವಿಮಾನವನ್ನೂ ಸಾಲಕ್ಕೆ ಎಳೆದುಕೊಂಡು ಹೋದರು. ಆಗ ಸಂಸತ್ತಿನಲ್ಲಿ ಇದ್ದದ್ದು 18 ಜನ, ಗಟ್ಟಿ ಪಕ್ಷ ಅಂತ ಯಾವುದೂ ಇಲ್ಲ. ಒಬ್ಬಿಬ್ಬರು ಆ ಕಡೆ ವಾಲಿದರೆ ಸರ್ಕಾರ ಬಿತ್ತು. 2003 ಒಂದೇ ವರ್ಷದಲ್ಲಿ ನಾಲ್ಕು ಜನ ಅಧ್ಯಕ್ಷರ ಕುರ್ಚಿಯಲ್ಲಿ ಕೂತೆದ್ದರು. 2010ರಲ್ಲಿ ಒಂಬತ್ತಕ್ಕೆ ಒಂಬತ್ತು ಸಮವಾಗಿ, ತಿಂಗಳುಗಟ್ಟಲೆ ಹೊಸ ಸರ್ಕಾರವನ್ನೇ ಕಟ್ಟಲಾಗಲಿಲ್ಲ.

ಆದರೆ ಮಣ್ಣೇ ಇಲ್ಲದ ದೇಶ ಏನು ತಾನೇ ಮಾರಬೇಕು ಹೇಳಿ? 2001ರಲ್ಲಿ ಆಸ್ಟ್ರೇಲಿಯಾ ತನಗೆ ಬೇಡವಾದ ನಿರಾಶ್ರಿತರನ್ನು ಇಲ್ಲಿ ಕೂಡಿಹಾಕಿತು, ಅದಕ್ಕೆ ದುಡ್ಡು ಕೊಟ್ಟಿತು. ಮೊದಲು ಮಣ್ಣು ತಗೊಂಡವರೇ ಆಮೇಲೆ ಜಾಗವನ್ನೂ ಬಾಡಿಗೆಗೆ ಹಿಡಿದರು. ನನಗೆ ಹೊಟ್ಟೆ ಉರಿಯುವುದು ಇಲ್ಲೇ.

ನೌರು ಸುಮ್ನೆ ಕೂರಲಿಲ್ಲ, ಅದನ್ನೂ ತಿಳಿದಿರಿ. ಸ್ವಾತಂತ್ರ್ಯಕ್ಕೆ ಮೊದಲು ಅಗೆದು ಹಾಳು ಮಾಡಿದ ಜಾಗಕ್ಕೆ ಪರಿಹಾರ ಕೊಡಿ ಅಂತ 1989ರಲ್ಲಿ ಆಸ್ಟ್ರೇಲಿಯಾವನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಎಳೆಯಿತು. 1993ರಲ್ಲಿ ರಾಜಿಯಾಗಿ 10.7 ಕೋಟಿ ಆಸ್ಟ್ರೇಲಿಯನ್ ಡಾಲರ್ ಒಪ್ಪಿಸಿಕೊಂಡಿತು.

ಈಗ ಕಡಲು ಏರುತ್ತಿದೆ. ದಡದ ಮನೆಗಳನ್ನು ಒಳಗಿನ ಎತ್ತರಕ್ಕೆ ಸಾಗಿಸಬೇಕು. ಆ ಎತ್ತರ ಅಂದರೆ ಅದೇ ಅಗೆದು ಬಿಟ್ಟ ಕಲ್ಲುಮೊನೆಗಳ ಜಾಗ. ಇದರ ಖರ್ಚಿಗೆ ನೌರು ತನ್ನ ಪೌರತ್ವವನ್ನೇ ಹೊರಗಿನವರಿಗೆ ಮಾರಲು ಹೊರಟಿದೆ. ಆ ಬಿಲ್ಲನ್ನು ಮೊದಲು ಅಗೆದ ಮೂರೂ ದೇಶಗಳಿಗೆ ಕಳಿಸಬೇಕು ಅಂತ ನನಗನ್ನಿಸುತ್ತದೆ. ನಿಮಗೆ?