ಗೇಟಿಗೇ ಟ್ರೈಪಾಡ್

ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನೆನ್‌ನಲ್ಲಿ ಮನೆ ಅಂದ್ರೆ ಊರಲ್ಲಿರೋರೆಲ್ಲ "ಪುಣ್ಯ ಮಾಡಿದ್ದೀಯ ಕಣೇ" ಅಂತಾರೆ. ಬನ್ನಿ, ಜುಲೈನಲ್ಲಿ ಒಂದು ದಿನ ಇಲ್ಲಿ ಹಾಲು ತರೋಕೆ ಹೋಗಿ ನೋಡಿ. ರಸ್ತೆಯ ನಟ್ಟನಡುವೆ ನಿಂತ ಪ್ರವಾಸಿಗರು, ಹಿಂದಿರೋ ಸುಮಾರು 300 ಮೀಟರ್ ಎತ್ತರದ ಸ್ಟೌಬ್‌ಬಾಖ್ ಜಲಪಾತ ಪೂರ್ತಿ ಫೋಟೋದಲ್ಲಿ ಬರೋವರೆಗೂ ಕದಲಲ್ಲ. ಬಸ್ಸು ಬಂದು ನಿಂತರೂ ಅಷ್ಟೇ.

ರಸ್ತೆ ಹಾಳಾಗ್ಲಿ, ಸಮಾಧಿನಾದ್ರೂ ಬಿಡಬಾರದಾ? ಊರಿನ ಸ್ಮಶಾನದಲ್ಲಿ, ಯಾರೋ ಬೆಳಿಗ್ಗೆ ನೀರು ಹಾಕಿಹೋದ ಹೂಗಿಡದ ಪಕ್ಕ ಮಂಡಿಯೂರಿ ಪೋಸು! ಕಾರಲ್ಲಿ ಬಂದುಹೋಗೋರಿಗೆ ಐದೋ ಹತ್ತೋ ಫ್ರಾಂಕ್ ಶುಲ್ಕ ಹಾಕೋಣ ಅನ್ನೋ ಮಾತು 2024ರಲ್ಲಿ ಎದ್ದಿತ್ತು. ಅಷ್ಟಕ್ಕೆ ಯಾರು ಹೆದರ್ತಾರೆ? ಒಂದು ಕಾಫಿಗೇ ಐದರ ಹತ್ತಿರ ಆಗುತ್ತೆ ಇಲ್ಲಿ.

ಮೊನ್ನೆ ಒಬ್ಬ ನಮ್ಮ ಗೇಟಿಗೇ ಅಡ್ಡಲಾಗಿ ಟ್ರೈಪಾಡ್ ನಿಲ್ಲಿಸಿದ್ದ. ಕಸದ ಚೀಲ ಹಿಡಿದು ಹೊರಗೆ ಬಂದ ನನ್ನನ್ನ ನೋಡಿ, ಹೆಂಡತಿಗೆ ಅಚ್ಚಕನ್ನಡದಲ್ಲಿ ಹೇಳಿದ: "ತಡಿಯೇ, ಈ ಆಂಟಿ ಸ್ವಲ್ಪ ಆಚೆ ಹೋಗ್ಲಿ."

ನಮ್ಮೋರು ಅಂತ ಖುಷಿಪಡಲಾ, ಬೈಯಲಾ? ಚೀಲ ಹಿಡ್ಕೊಂಡು ಆಚೆ ಹೋದೆ.