ಬಿಸಿಲಿಗೆ ಹಿಡಿದ ಬಣ್ಣ

ಉಗುರುಬಣ್ಣದ ಸೀಸೆಯ ಮುಚ್ಚಳಕ್ಕೆ ಅಂಟಿಸಿದ ಚೀಟಿಯಲ್ಲಿ ಒಂದು ಬಣ್ಣ, ಸೀಸೆಯೊಳಗೆ ಇನ್ನೊಂದು, ಉಗುರಿನ ಮೇಲೆ ಮೂರನೆಯದು. ಈ ಮೂರೂ ಒಂದಕ್ಕೊಂದು ಹೊಂದಬೇಕಾಗಿಲ್ಲವೆಂದು ಈ ಧಂದೆಯವರೆಲ್ಲ ಎಂದೋ ತಮ್ಮತಮ್ಮಲ್ಲೇ ಮಾತಾಡಿಕೊಂಡಿರಬೇಕು. ನಾನು ಮೊನ್ನೆ ಕೊಂಡುತಂದದ್ದು ಸೀಸೆಯಲ್ಲಿದ್ದಾಗ ಹಣ್ಣಾದ ನೇರಳೆಯ ಬಣ್ಣವಾಗಿತ್ತು. ಹಚ್ಚಿಕೊಂಡು ಓಣಿಗೆ ಬಂದಾಗ ಎದುರುಮನೆಯ ಅಜ್ಜಿ ನನ್ನ ಕೈ ಹಿಡಿದು, ಕಣ್ಣು ಕಿರಿದಾಗಿಸಿ ನೋಡಿ, "ಹತ್ತೂ ಬೆರಳ ಒಮ್ಮಿಗೇ ಬಾಗಲಾಗ ಸಿಕ್ಕವೇನವ್ವಾ?" ಎಂದು ಮರುಗಿದರು. ಅಜ್ಜಿಗೆ ಮೋತಿಬಿಂದು ಇದೆ ನಿಜ. ಆದರೆ ಅಂದಿನಿಂದ ನನಗೂ ಆ ಉಗುರುಗಳಲ್ಲಿ ಹೆಪ್ಪುಗಟ್ಟಿದ ರಕ್ತವೇ ಕಾಣಿಸುತ್ತಿದೆ.

ಇದಕ್ಕೆ ಕಾರಣಗಳಿಲ್ಲದಿಲ್ಲ. ಸೀಸೆಯಲ್ಲಿ ಬಣ್ಣ ದಪ್ಪನಾಗಿ ನಿಂತಿರುತ್ತದೆ. ಉಗುರಿನ ಮೇಲೆ ಅದರ ತೆಳ್ಳನೆಯ ಪೊರೆಯಷ್ಟೇ ಉಳಿಯುವುದರಿಂದ ಅಡಿಯ ಉಗುರೂ ಇಣುಕುತ್ತದೆ. ತಿಂಗಳುಗಟ್ಟಲೆ ಕಪಾಟಿನಲ್ಲಿ ನಿಂತ ಸೀಸೆಯಲ್ಲಿ ಬಣ್ಣದ ಪುಡಿಯೆಲ್ಲ ತಳಕ್ಕೆ ಇಳಿದಿರುತ್ತದೆ. ಅದನ್ನು ಕಲಕಲೆಂದೇ ಒಳಗೆ ಪುಟ್ಟ ಉಕ್ಕಿನ ಗುಂಡುಗಳನ್ನು ಹಾಕಿರುತ್ತಾರೆ, ಆದರೆ ಸೀಸೆಯನ್ನು ಅಲುಗಾಡಿಸಿ ತೋರಿಸುವ ಅಂಗಡಿಯವನನ್ನು ನಾನಿನ್ನೂ ಕಂಡಿಲ್ಲ. ಇನ್ನು ಅಂಗಡಿಯೊಳಗಿನ ಟ್ಯೂಬ್‌ಲೈಟಿನಲ್ಲಿ ಎಲ್ಲ ಕೆಂಪೂ ಒಂದೇ ಜಾತಿಯದಾಗಿ ಕಾಣುತ್ತದೆ. ನಾವು ಯಾವಾಗಲೂ ಹೋಗುವ, ಬೀದರಿನ ಚೌಬಾರಾದ ಹತ್ತಿರದ ಫ್ಯಾನ್ಸಿ ಅಂಗಡಿಯವನ ಲೆಕ್ಕದಲ್ಲಂತೂ ಲೋಕದಲ್ಲಿರುವುದು ಎರಡೇ ಬಣ್ಣ, ಒಂದು ಮೆರೂನ್, ಇನ್ನೊಂದು ಲೈಟ್. ಹಸಿರು ಸೀಸೆಯನ್ನು ಎತ್ತಿ ತೋರಿಸಿದರೂ ಆತ ಕ್ಷಣಕಾಲ ಯೋಚಿಸಿ "ಲೈಟ್ ಅದ ನೋಡ್ರಿ" ಎನ್ನುತ್ತಾನೆ.

ಇಷ್ಟನ್ನಾದರೂ ಸಹಿಸಿಕೊಳ್ಳಬಹುದಿತ್ತು. ಆದರೆ ನಾನು ಅಂಗಡಿಗೆ ಹೋಗುವುದು ನಮ್ಮ ವೈನಿಯ ಜೊತೆಗೆ.

ವೈನಿ, ಎಂದರೆ ನನ್ನ ಅಣ್ಣನ ಹೆಂಡತಿ, ಬಿಸಿಲಿಗೆ ಹಿಡಿದು ನೋಡದೆ ಯಾವ ವಸ್ತುವನ್ನೂ ಮನೆಗೆ ತಂದವರಲ್ಲ. ಸೀರೆಯನ್ನು ಅಂಗಡಿಯ ಬಾಗಿಲಿಗೆ ಒಯ್ದು ನೋಡುವುದು ನಮ್ಮ ಕಡೆಯ ಎಲ್ಲ ಹೆಂಗಸರ ಪದ್ಧತಿಯೇ. ಅದರಲ್ಲಿ ಅರ್ಥವೂ ಇದೆ. ವೈನಿ ಅಲ್ಲಿಗೆ ನಿಲ್ಲುವುದಿಲ್ಲ. ಫಾಲಿನ ದಾರ, ತೊಗರಿಬೇಳೆ, ಬದನೆಕಾಯಿ, ಮಗನ ಶಾಲೆಯ ಸಾಕ್ಸು, ಎಲ್ಲವೂ ಒಮ್ಮೆ ಹೊರಗೆ ಹೋಗಿ ಸೂರ್ಯನ ಒಪ್ಪಿಗೆ ಪಡೆದು ಬರಬೇಕು. ಬಂಗಾರದ ಅಂಗಡಿಯಲ್ಲಿ ಬೋರಮಾಳವನ್ನು ಹಿಡಿದು ಹೊರಟಾಗ ಬಂದೂಕಿನ ಕಾವಲುಗಾರ ಅವರ ಹಿಂದೆಯೇ ಫುಟ್‌ಪಾತಿನವರೆಗೆ ಬಂದು ನಿಂತಿದ್ದ. ನನ್ನ ಚಿಕ್ಕಪ್ಪನ ಮಗಳನ್ನು ನೋಡಲು ಗಂಡಿನವರು ಬಂದಾಗ, ಸೆಕೆಯ ನೆಪ ಹೇಳಿ ಹುಡುಗನ ಕುರ್ಚಿಯನ್ನು ಅಂಗಳಕ್ಕೆ ಹಾಕಿಸಿದವರೂ ಇವರೇ. ಸೆಕೆ ಒಳಗಿಗಿಂತ ಅಂಗಳದಲ್ಲಿಯೇ ಹೆಚ್ಚಾಗಿತ್ತು. ಹುಡುಗ ಬೆವರಿಳಿಸುತ್ತ ಉಪ್ಪಿಟ್ಟು ತಿಂದ, ವೈನಿ ಒಳಗೆ ಬಂದು "ಅಡ್ಡಿಯಿಲ್ಲ" ಎಂದರು, ಮದುವೆಯಾಯಿತು.

ಈಗ ಮನೆತನದಲ್ಲೊಂದು ಕುಬುಸದ ಕಾರ್ಯವಿತ್ತು. ಸೀರೆಯ ಅಂಚಿಗೆ ಉಗುರು ಹೊಂದಬೇಕೆಂದು ವೈನಿಗೆ ಅನ್ನಿಸಿತು. ನನ್ನದು ಸುಮ್ಮನೆ ಹೊಸದೊಂದು ಬಣ್ಣದ ಆಸೆ. ಅಂಗಡಿಯಲ್ಲಿ ತೆರೆದಿಟ್ಟ ಸೀಸೆಗಳಿಂದ ಐದು ಬಣ್ಣಗಳನ್ನು ಆರಿಸಿ ಐದು ಬೆರಳಿಗೆ ಹಚ್ಚಿ ನೋಡುವುದೆಂದು ಗೊತ್ತಾಯಿತು. ಬೆರಳುಗಳು ನನ್ನವು, ಏಕೆಂದರೆ ತಮ್ಮ ಉಗುರಿಗೆ ಹಚ್ಚಿಕೊಂಡರೆ ಮತ್ತೆ ಒರೆಸಿ ತೆಗೆಯುವ ಕೆಲಸ ಯಾರಿಗೆ ಬೇಕೆಂದು ವೈನಿ ಕೇಳಿದರು. ಐದೂ ಮುಗಿದ ಮೇಲೆ ಅಂಗಡಿಯವನು ದುಃಖದಿಂದ "ಮೂರು ಮೆರೂನ್, ಎರಡು ಲೈಟ್" ಎಂದ. ವೈನಿ ನನ್ನ ಮಣಿಕಟ್ಟು ಹಿಡಿದು ಹೊರಗೆ ಎಳೆದುಕೊಂಡು ನಡೆದರು. ನಮ್ಮ ಹಿಂದೆ, ಮುಚ್ಚಳಗಳನ್ನು ಅಂಗೈಯಲ್ಲಿಟ್ಟುಕೊಂಡು, ನಾವು ಓಡಿಹೋಗುವೆವೆಂಬ ಅನುಮಾನದಲ್ಲಿ ಅಂಗಡಿಯ ಹುಡುಗನೂ ಬಂದ.

ಚೌಬಾರಾ ಎಂದರೆ ಹಳೆಯ ಊರಿನ ನಟ್ಟನಡುವಿನ ಕಾವಲುಗೋಪುರ, ಸುಮಾರು 22 ಮೀಟರ್ ಎತ್ತರದ್ದು. ನಾಲ್ಕೂ ದಿಕ್ಕಿನಿಂದ ಬರುವ ಶತ್ರುವನ್ನು ನೋಡಲು ಕಟ್ಟಿದ್ದೆಂದು ಹೇಳುತ್ತಾರೆ. ಈಗ ನಾಲ್ಕೂ ದಿಕ್ಕಿನಿಂದ ಬರುವುದು ಆಟೋ. ಗೋಪುರದ ನೆರಳು ತಪ್ಪಿಸಿ ನಿಲ್ಲಬೇಕೆಂದು ವೈನಿ ನನ್ನನ್ನು ರಸ್ತೆಯ ಅಂಚಿನಿಂದ ಇನ್ನಷ್ಟು ಒಳಗೆ ನಿಲ್ಲಿಸಿದರು. ತಾವು ಹಿಂದಕ್ಕೆ ಸರಿದು ಕಣ್ಣಿಗೆ ಕೈ ಮರೆ ಮಾಡಿಕೊಂಡು, "ಮ್ಯಾಲೆ ಎತ್ತು. ಇನ್ನ ಮ್ಯಾಲೆ. ಬೆರಳ ಅಗಲ ಮಾಡು" ಎಂದರು. ನಾನು ನಡುಬೀದಿಯಲ್ಲಿ ಐದೂ ಬೆರಳು ಹರಡಿ ಕೈ ಎತ್ತಿದೆ.

ಒಂದು ಆಟೋ ಗಕ್ಕನೆ ನಿಂತಿತು. "ಎಲ್ಲಿಗ್ರಿ ಅಕ್ಕೋರೆ, ಬಸ್‌ಸ್ಟ್ಯಾಂಡ್?" ಎಂದು ಚಾಲಕ ಕೇಳುವಷ್ಟರಲ್ಲಿ ಹಿಂದಿನಿಂದ ಬಂದ ಇನ್ನೊಂದು ಆಟೋ ಅವನನ್ನು ದಾಟಿ ಅಡ್ಡಲಾಗಿ ನಿಂತು, "ಐದ ಮಂದಿ ಇದ್ದೀರೇನ್ರಿ? ಕೂಡ್ರಿ, ಜಾಗ ಅದ" ಎಂದಿತು. ನನ್ನ ಹರಡಿದ ಬೆರಳುಗಳನ್ನು ಅವನು ಸವಾರಿಯ ಲೆಕ್ಕಕ್ಕೆ ಹಿಡಿದಿದ್ದ. ಮೊದಲಿನವನು ಇಳಿದು ಬಂದು, ಸವಾರಿ ತನ್ನದೆಂದು ಜಗಳಕ್ಕೆ ನಿಂತ. ಎದುರಿನ ಬದಿಯಲ್ಲಿ ಹೋಗುತ್ತಿದ್ದ ನನ್ನ ಸಹೋದ್ಯೋಗಿಯೊಬ್ಬರು, ತಮ್ಮನ್ನು ಇಷ್ಟು ಉತ್ಸಾಹದಿಂದ ಕರೆದವರು ಇದುವರೆಗೆ ಯಾರೂ ಇಲ್ಲವೆಂಬ ಮುಖ ಹೊತ್ತು, ಸ್ಕೂಟರು ನಿಲ್ಲಿಸಿ ಕೈ ಬೀಸಿದರು. ನಾನು ಕೈ ಇಳಿಸಲು ಹೋದೆ. "ಇಳಸಬ್ಯಾಡ! ಇನ್ನೂ ಹಸಿ ಅದ, ಸೀರಿಗಿ ಹತ್ತತದ" ಎಂದು ವೈನಿ ಕೂಗಿದರು. ಆಮೇಲೆ ಆಟೋದವನ ಕಡೆಗೆ ತಿರುಗಿ, ಅಷ್ಟೇ ಗಂಭೀರವಾಗಿ, "ತಮ್ಮಾ, ನಿನ್ನ ಗಾಡಿ ಸ್ವಲ್ಪ ಸರಸು, ನೆಳ್ಳ ಬೀಳ್ಲತ್ತದ" ಎಂದರು.

ಆತ ಸರಿಸಲಿಲ್ಲ. ವಿಷಯವೇನೆಂದು ತಿಳಿದುಕೊಳ್ಳುವುದು ತನ್ನ ಹಕ್ಕೆಂಬಂತೆ ನಿಂತ. ವೈನಿ ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದರು: ಕುಬುಸ, ಸೀರೆ, ಅಂಚು. ಆತ ನನ್ನ ಕೈಯನ್ನು ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ ನೋಡಿ, ಉಂಗುರದ ಬೆರಳೇ ಚೆನ್ನಾಗಿದೆಯೆಂದ. ಹಿಂದಿನ ಸೀಟಿನಲ್ಲಿ ಚೀಲ ಹಿಡಿದು ಕುಳಿತಿದ್ದ ಮುದುಕಿ ತಲೆ ಹೊರಹಾಕಿ, ಕಿರುಬೆರಳಿನದು ಹಳದಿ ಮೈಗೆ ಒಪ್ಪುತ್ತದೆಯೆಂದು ಭಿನ್ನಮತ ದಾಖಲಿಸಿದಳು. ಜಗಳ ಬಿಟ್ಟು ಬಂದ ಎರಡನೆಯ ಆಟೋದವನೂ ಉಂಗುರದ ಬೆರಳಿಗೇ ಸೇರಿಕೊಂಡ. ಅಂಗಡಿಯ ಹುಡುಗ ಆ ಬೆರಳಿನ ಮುಚ್ಚಳವನ್ನು ಎತ್ತಿ ಹಿಡಿದ. ಅಷ್ಟರಲ್ಲಿ ಹಾರ್ನುಗಳು ಎಲ್ಲ ದಿಕ್ಕಿನಿಂದಲೂ ಕೇಳುತ್ತಿದ್ದವು. ಹೀಗೆ ಬಹುಮತದಿಂದ ಆಯ್ಕೆಯಾದ ಬಣ್ಣವೇ ಎದುರುಮನೆಯ ಅಜ್ಜಿಯ ಮರುಕಕ್ಕೆ ಪಾತ್ರವಾದದ್ದು.

ಇಷ್ಟೆಲ್ಲ ಪಾಡು ಪಟ್ಟೂ ನಾನು ಉಗುರುಬಣ್ಣ ಬಿಡದಿರುವುದಕ್ಕೆ ನನ್ನದೇ ಒಂದು ಲೆಕ್ಕಾಚಾರವಿದೆ. ಅದು ಒಣಗುವವರೆಗೆ ನನಗೆ ಯಾರೂ ಕೆಲಸ ಹೇಳುವಂತಿಲ್ಲ. ಪುಸ್ತಕ ಹಿಡಿದು ಕುಳಿತರೆ ನಮ್ಮ ಮನೆಯಲ್ಲಿ ಅದು ಖಾಲಿ ಕುಳಿತದ್ದಕ್ಕೆ ಸಮ. "ಹೆಂಗೂ ಕೂತೀಯಲ್ಲ" ಎಂದು ಬೆಳ್ಳುಳ್ಳಿಯ ಬುಟ್ಟಿ ಮುಂದೆ ಬರುತ್ತದೆ. ಉಗುರು ಹಸಿ ಎಂದರೆ ಮಾತ್ರ ಎಲ್ಲರೂ ಒಪ್ಪಿಕೊಳ್ಳುತ್ತಾರೆ. ಈ ಬಣ್ಣ ಒಣಗುವುದೆಂದರೆ ಅದರೊಳಗಿನ ದ್ರಾವಕ ಆರಿಹೋಗುವುದು. ಮುಟ್ಟಿದರೆ ಅಂಟದಷ್ಟಾಗಲು ಕೆಲವೇ ನಿಮಿಷ ಸಾಕು, ಒಳಗಿನವರೆಗೆ ಗಟ್ಟಿಯಾಗಲು ಗಂಟೆಗಳು ಬೇಕು. ನಾನು ಮನೆಯವರಿಗೆ ಎರಡನೆಯ ಲೆಕ್ಕವನ್ನು ಮಾತ್ರ ಹೇಳಿದ್ದೇನೆ.

ಈಗ ಓದುತ್ತಿರುವುದು ಗ್ರಂಥಾಲಯದಿಂದ ತಂದ ಬಹಮನಿ ಚರಿತ್ರೆಯ ದಪ್ಪನೆಯ ಸಂಪುಟ. 1347ರಲ್ಲಿ ಕಲಬುರಗಿಯಲ್ಲಿ ಶುರುವಾದ ರಾಜ್ಯ, 1420ರ ದಶಕದಲ್ಲಿ ನಮ್ಮ ಬೀದರಿಗೆ ಬಂದ ರಾಜಧಾನಿ, ಇವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವೇ. ಆದರೆ ದಿನವೂ ಅದೇ ಗೋಡೆಗಳ ಪಕ್ಕದಲ್ಲಿ ಕೊತ್ತಂಬರಿ ಕೊಳ್ಳುವವಳಿಗೆ, ಆ ಗೋಡೆಗಳನ್ನು ಕಟ್ಟಿದವರ ಸಂಸಾರದ ರಗಳೆಗಳು ಬೇರೆಯೇ ರುಚಿ ಕೊಡುತ್ತವೆ. ಲೇಖಕರ ಮೇಲೆ ನನ್ನದೊಂದೇ ಆಕ್ಷೇಪ: ಸೈನ್ಯ ಯಾವ ಹಾದಿಯಲ್ಲಿ ಹೋಯಿತೆಂದು ಪುಟಗಟ್ಟಲೆ ಬರೆದು, ಬಣ್ಣಗಳ ವಿಷಯ ಬಂದಾಗ ಅಡಿಟಿಪ್ಪಣಿಗೆ ಇಳಿದುಬಿಡುತ್ತಾರೆ.

ಹಸಿ ಉಗುರಿನಲ್ಲಿ ಹಾಳೆ ತಿರುವುವುದು ಹೇಗೆ? ಮೊಣಕೈಯಿಂದ ಪ್ರಯತ್ನಿಸಿ ಸೋತ ಮೇಲೆ ಅಣ್ಣನ ಮಗನಿಗೆ ಹಾಳೆಗೊಂದು ರೂಪಾಯಿಯಂತೆ ಗುತ್ತಿಗೆ ಕೊಟ್ಟೆ. ಮಹಮೂದ್ ಗವಾನ್ ಆಗ ತಾನೇ ತನ್ನ ಮದರಸಾವನ್ನು ಕಟ್ಟಿ ಮುಗಿಸಿದ್ದ. 1472, ಮೂರು ಅಂತಸ್ತು, ಹೊರಮೈಗೆಲ್ಲ ಹೊಳೆಯುವ ಬಣ್ಣದ ಹೆಂಚು, ಒಳಗೆ ಮೂರು ಸಾವಿರ ಹಸ್ತಪ್ರತಿ. ನಾನು "ಹ್ಞೂಂ" ಎಂದೆ. ಹುಡುಗ ಹಾಳೆ ತಿರುವಿದ. ಗವಾನನ ತಲೆ ಹಾರಿಹೋಗಿತ್ತು. ಇಷ್ಟು ದೊಡ್ಡ ವಜೀರ, ಯಾವ ಮುನ್ಸೂಚನೆಯೂ ಇಲ್ಲದೆ ಒಂದೇ ಸಾಲಿನಲ್ಲಿ ಸತ್ತದ್ದು ಹೇಗೆಂದು ನಾನು ಬೆಚ್ಚಿದೆ. ಗುತ್ತಿಗೆದಾರ ಒಮ್ಮೆಗೇ ಒಂದು ಕಟ್ಟು ಹಾಳೆ ತಿರುವಿ, ಅಷ್ಟಕ್ಕೂ ದುಡ್ಡು ಎಣಿಸಿಕೊಂಡಿದ್ದ. ಹಿಂದಕ್ಕೆ ತಿರುವು ಎಂದರೆ, "ಹಿಂದ ತಿರುವಲಾಕ ಬ್ಯಾರೆ ರೊಕ್ಕ, ಅತ್ತಿ" ಎಂದ. ಕೊಟ್ಟೆ. ಮೊಹರು ಕಾಯುವವನನ್ನು ಒಳಗೆ ಹಾಕಿಕೊಂಡು ಖಾಲಿ ಕಾಗದದ ಮೇಲೆ ಗವಾನನ ಮೊಹರು ಒತ್ತಿಸಿ, ಒಡಿಶಾದ ಅರಸನಿಗೆ ಬರೆದಂತೆ ಸುಳ್ಳು ಪತ್ರ ಹೆಣೆದದ್ದು, ಕುಡಿದ ಅಮಲಿನಲ್ಲಿದ್ದ ಸುಲ್ತಾನ ವಿಚಾರಿಸದೆಯೇ ಅಪ್ಪಣೆ ಕೊಟ್ಟದ್ದು, 1481ರ ಆ ಇಡೀ ಪಿತೂರಿ ನನಗೆ ಹೀಗೆ ಹೆಚ್ಚಿನ ದರದಲ್ಲಿ ದೊರೆಯಿತು. ಮರುವರ್ಷವೇ ಸುಲ್ತಾನನೂ ತೀರಿಕೊಂಡ. ಆ ಹಾಳೆಯನ್ನು ಮಾತ್ರ ಹುಡುಗ ಪುಕ್ಕಟೆಯಾಗಿ ತಿರುವಿದ.

ಮದರಸಾದ ಹೆಂಚುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಉದುರಿವೆ. 17ನೆಯ ಶತಮಾನದ ಕೊನೆಯಲ್ಲಿ ಸಿಡಿಮದ್ದು ಸ್ಫೋಟಿಸಿ ಕಟ್ಟಡದ ಒಂದು ಭಾಗವೇ ಹೋಯಿತು. ಅಷ್ಟಾದರೂ ಉಳಿದ ನೀಲಿ ಇಂದಿಗೂ ನೀಲಿಯೇ. ನನ್ನ ಉಗುರುಬಣ್ಣಕ್ಕೆ ಸಿಡಿಮದ್ದೇನೂ ಬೇಕಾಗಿಲ್ಲ, ಒಂದು ಹೊತ್ತಿನ ರೊಟ್ಟಿ ಸಾಕು. ಈ ಬಣ್ಣ ಮೋಟಾರು ಗಾಡಿಗಳಿಗೆ ಬಳಿಯುತ್ತಿದ್ದ ನೈಟ್ರೊಸೆಲ್ಯುಲೋಸ್ ಬಣ್ಣದ ಕುಲದ್ದೇ. ಗಾಡಿ ಮಳೆಯಲ್ಲಿ ನಿಂತರೂ ಏನೂ ಆಗುವುದಿಲ್ಲ, ಏಕೆಂದರೆ ತಗಡು ನೀರು ಕುಡಿಯುವುದಿಲ್ಲ. ಉಗುರು ಕುಡಿಯುತ್ತದೆ, ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಮೇಲಿನ ಪೊರೆ ತುದಿಯಿಂದ ಸಿಡಿಯುತ್ತದೆ. ಕುದಿನೀರು ಹಾಕಿ ಜೋಳದ ಹಿಟ್ಟು ನಾದುವ ಊರಿನಲ್ಲಿ ಈ ಬಣ್ಣವನ್ನು ಮಾರುವವರು, ಸೀಸೆಯ ಮೇಲೆ ಅಷ್ಟನ್ನಾದರೂ ಬರೆಯಬಾರದೇ?

ಅಷ್ಟೂರಿನ ಗುಮ್ಮಟ ನೆನಪಾಗುತ್ತದೆ. 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹಮದ್ ಶಾಹ್ ವಲಿಯ ಗೋರಿ ಅಲ್ಲಿದೆ. ಆತನನ್ನು ಅಲ್ಲಮಪ್ರಭುವೆಂದು ನಂಬಿ ನಡೆದುಕೊಳ್ಳುವ ಭಕ್ತರೂ ಇದ್ದಾರೆ, ಹಾಗಾಗಿ ನಮ್ಮ ಮನೆಯಿಂದಲೂ ಜಾತ್ರೆಗೆ ಹೋಗುವುದುಂಟು. ಅಣ್ಣನ ಮದುವೆಯಾದ ವರ್ಷ ಜಾತ್ರೆ ಮುಗಿದ ಮೇಲೊಂದು ಮಧ್ಯಾಹ್ನ ಎಲ್ಲರೂ ಹೋಗಿದ್ದೆವು. ಒಳಗೆ ಕತ್ತಲು. ಅಲ್ಲಿದ್ದವರೊಬ್ಬರು ಬಾಗಿಲ ಬಳಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಹಾಯಿಸಿದರು. ಬೆಳಕು ಗುಮ್ಮಟದ ಒಳಮೈಗೆ ಏರಿದಂತೆ ಕೆಂಪು, ನೀಲಿ, ಬಂಗಾರದ ಬಣ್ಣ ತುಣುಕುತುಣುಕಾಗಿ ತೆರೆದುಕೊಂಡವು. ಆಗಿನ್ನೂ ಮಾತು ಕಡಿಮೆಯಿದ್ದ ವೈನಿ, ಮದುವೆಯ ಗೋರಂಟಿ ಮಾಸುತ್ತಿದ್ದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, ನಾವೆಲ್ಲ ಹೊರಗೆ ಬಂದು ಪುಟಾಣಿ ತಿನ್ನತೊಡಗಿದ ಮೇಲೂ ಬಹಳ ಹೊತ್ತು ಮೇಲೆ ನೋಡುತ್ತ ಒಳಗೇ ನಿಂತಿದ್ದರು. ತವರಿನಲ್ಲಿ ಚಿತ್ರ ಬರೆಯುತ್ತಿದ್ದರೆಂದು ನನಗೆ ತಿಳಿದದ್ದು ವರ್ಷಗಳ ನಂತರ. ಅವರು ಈಗ ಬರೆಯುವುದಿಲ್ಲ, ನಾವೂ ಕೇಳಲಿಲ್ಲ. ಬಿಸಿಲಿನ ಚಟ ಅಂದೇ ಹತ್ತಿದ್ದೆಂದು ಅಣ್ಣ ಹೇಳುವುದುಂಟು. ಬದನೆಕಾಯಿಯ ಸಂಗತಿ ಬಲ್ಲ ನಾನು ಅದನ್ನು ಪೂರ್ತಿಯಾಗಿ ನಂಬಲಾರೆ.

ಕುಬುಸದ ದಿನ ಏನಾಯಿತೆಂದು ಹೇಳಲೇಬೇಕು. ಕಾರ್ಯವಿದ್ದದ್ದು ಸಂಜೆ, ಮಂಗಲ ಕಾರ್ಯಾಲಯದ ಒಳಗೆ, ನೀಲಿಗೆ ತಿರುಗಿದ ಎಲ್‌ಇಡಿ ದೀಪಗಳ ಕೆಳಗೆ. ಎರಡು ಆಟೋ ಮತ್ತು ಮಧ್ಯಾಹ್ನದ ಸೂರ್ಯನ ಸಾಕ್ಷಿಯಲ್ಲಿ ಸೀರೆಯ ಅಂಚಿಗೆ ಹೊಂದಿದ್ದ ಬಣ್ಣ ಅಲ್ಲಿ ಕಪ್ಪಾಗಿ ಕಾಣಿಸಿತು. ಆರತಿ ಎತ್ತಿದ ವೈನಿಯ ಕೈಯನ್ನು ನೋಡಿ ಬೀಗರ ಕಡೆಯವರೊಬ್ಬರು, ಹೊಲದ ಕೆಲಸ ಜೋರಾಗಿದೆಯೇ ಎಂದು ವಿಚಾರಿಸಿದರು. ವೈನಿ ಕುಗ್ಗಲಿಲ್ಲ. ತಪ್ಪು ದೀಪದ್ದೆಂದು ಅಲ್ಲಿಯೇ ತೀರ್ಮಾನಿಸಿ, ಅಡುಗೆಯವರ ಮೊಬೈಲಿನ ಟಾರ್ಚು ತರಿಸಿ, ವಿಚಾರಿಸಿದವರಿಗೆ ಹತ್ತೂ ಉಗುರನ್ನು ಒಂದೊಂದಾಗಿ ತೋರಿಸಿದರು.

ನಿನ್ನೆ ನನ್ನ ಪುಸ್ತಕ ಅವರ ಕೈಗೆ ಸಿಕ್ಕಿತು. ಬಹಮನಿಗಳು ಮುಗಿದು ಬರೀದಶಾಹಿಗಳ ಕಾಲ ಬಂದಿದೆ. ಕೋಟೆಯೊಳಗಿನ ರಂಗೀನ್ ಮಹಲಿನ ಚಿತ್ರವೊಂದಿದೆ, ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂಡಿಸಿದ ಕುಸುರಿಯದು. ವೈನಿ ಪುಸ್ತಕವನ್ನು ಅಂಗಳಕ್ಕೆ ಒಯ್ದರು. ಓರೆ ಮಾಡಿ, ನೇರ ಮಾಡಿ, ಬಿಸಿಲಿಗೆ ಹಿಡಿದು ನೋಡಿದರು. ಮುತ್ತಿನ ಹೊಳಪಿನ ಸೀಸೆಗಳು ಅಂಗಡಿಯ ಮೇಲಿನ ಸಾಲಿನಲ್ಲಿರುತ್ತವೆ, ಅವುಗಳಲ್ಲಿ ಇಂಥದ್ದೇ ಇದೆಯೋ ಇಲ್ಲವೋ ರವಿವಾರ ಈ ಚಿತ್ರವನ್ನೇ ಪಕ್ಕಕ್ಕೆ ಇಟ್ಟು ನೋಡಿಬಿಡೋಣವೆಂದರು. ಗ್ರಂಥಾಲಯದ ಪುಸ್ತಕವನ್ನು ಉಗುರುಬಣ್ಣದ ಸೀಸೆಗಳ ನಡುವೆ ಒಯ್ಯುವುದು ಸಾಧ್ಯವೇ ಇಲ್ಲವೆಂದು ನಾನು ಕಡ್ಡಿ ಮುರಿದಂತೆ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ಅಂಗಡಿಯವನನ್ನೇ ಸೀಸೆಗಳ ಸಮೇತ ಕೋಟೆಗೆ ಕರೆದುಕೊಂಡು ಹೋಗೋಣವೆಂದರು.